ಕಲ್ಲಿನ ಪಾಗಾರಗಳ ಊರಿನಿಂದ, ಗಣಪತಿಗೊಂದು ಪತ್ರ

ಪ್ರೀತಿಯ ಗಣಪತಿ,

ಫೋನಿನಲ್ಲಿ ಬಾಯಿಗೆ ಬಾರದ್ದನ್ನ ಎಲ್ಲರ ಕಣ್ಣೆದುರು ಬರೀತಿದ್ದೀನಿ, ಬೈಬೇಡ. ಊರು ಬಿಟ್ಟು ಬಂದವರು ನನ್ನ ಹಾಗೆ ಇನ್ನೆಷ್ಟೋ ಜನ ಇದ್ದಾರೆ, ಅವರೂ ಓದಲಿ.

ಇಟಲಿಯ ಚಿಂಕ್ವೆ ತೆರ್ರೆಗೆ ಹೋಗಿದ್ದೆ ಮಾರಾಯ. ಲಿಗೂರಿಯಾ ಕರಾವಳಿಯ ಕಡಿದಾದ ಗುಡ್ಡಗಳಲ್ಲಿ ಐದು ಹಳೇ ಊರು: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯಾ, ಮನರೋಲಾ, ರಿಯೊಮಜ್ಜೋರೆ. 1997ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಫೋಟೊದಲ್ಲಿ ನೀನು ನೋಡಿರೋ ಬಣ್ಣಬಣ್ಣದ ಮನೆಗಳು, ಕೆಳಗೆ ನೀಲಿ ಸಮುದ್ರ, ಎಲ್ಲ ನಿಜಕ್ಕೂ ಅಷ್ಟೇ ಚೆಂದ. ನನ್ನ ಕಣ್ಣು ಮಾತ್ರ ಮನೆಗಳ ಮೇಲಿನ ಗುಡ್ಡ ಬಿಟ್ಟು ಕದಲಲಿಲ್ಲ.

ಗುಡ್ಡದ ತುಂಬ ದ್ರಾಕ್ಷಿ ತೋಟದ ಪಟ್ಟಿಗಳು, ಒಂದರ ಮೇಲೊಂದು. ಒಂದೊಂದು ಪಟ್ಟಿಗೂ ಆಸರೆಯಾಗಿ ಕಲ್ಲಿನ ಪಾಗಾರ. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಮನರೋಲಾದ ಮೇಲೆ ಒಂದು ಪಾಗಾರದ ಮುಂದೆ ಬಹಳ ಹೊತ್ತು ಕೂತಿದ್ದೆ. ಎದುರಿಗೆ ದೊಡ್ಡ ಕಲ್ಲು, ಸಂದಿಗೆ ಚಕ್ಕೆ, ಜರಿದಿದ್ದ ಕಡೆ ಒಳಗೆ ತುಂಬಿದ ಸಣ್ಣ ಕಲ್ಲುಗಳು ಕಾಣ್ತಿದ್ದವು. ಮಳೆನೀರು ಸಂದಿಯಿಂದ ಸೋರಿ ಹೋಗಬೇಕು, ಮಣ್ಣು ನಿಲ್ಲಬೇಕು, ಲೆಕ್ಕ ಇಷ್ಟೇ. ಆದರೆ ಒಂದು ಕಲ್ಲು ಸಡಿಲಾದರೆ ಮುಂದಿನ ಮಳೆಯೊಳಗೆ ಯಾರಾದರೂ ಅದನ್ನ ಮತ್ತೆ ಕೂರಿಸಲೇಬೇಕು. ನಿಮ್ಮ ತೋಟದ ಧರೆಗೆ ನೀನು ಪ್ರತಿ ಬೇಸಿಗೆ ಮಾಡಿಸೋ ಕೆಲಸವೇ ಇದು.

ಅಲ್ಲಿಯ ಮಕ್ಕಳೂ ಕೆಲಸ ಹುಡುಕಿ ಪೇಟೆಗೆ ಹೋದರು. ಎಷ್ಟೋ ತೋಟ ಪಾಳು ಬಿತ್ತು, ಪಾಗಾರಗಳಿಗೆ ಕೈ ಹಾಕೋರು ಇಲ್ಲವಾದರು. 2011ರ ಅಕ್ಟೋಬರ್ 25ರಂದು ಕೆಲವೇ ಗಂಟೆಗಳಲ್ಲಿ ವಿಪರೀತ ಮಳೆ ಸುರಿದು ವೆರ್ನಾತ್ಸಾದ ಮುಖ್ಯ ಬೀದಿ ಕೆಸರು-ಕಲ್ಲಿನಡಿ ಹೂತು ಹೋಯಿತು, ಜನ ಸತ್ತರು. ದೋಷ ಮಳೆಯೊಂದರದ್ದೇ ಅಲ್ಲ. ನೋಡೋರಿಲ್ಲದ ಗುಡ್ಡವೂ ಜರಿದು ಬಂದಿತ್ತು. ಬೀದಿಯನ್ನ ಮತ್ತೆ ಕಟ್ಟಿದ್ದಾರೆ, ಪ್ರವಾಸಿಗಳು ಕಿಕ್ಕಿರಿದಿರ್ತಾರೆ. ಹಣ ಹರಿದು ಬರ್ತಿದೆ. ಕಲ್ಲು ಕೂರಿಸೋ ಕೈಗಳಿಗೇ ಬರ.

ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಅಪ್ಪನಿಗೆ ಎಪ್ಪತ್ತು ದಾಟಿತು. ಅಡಿಕೆ ಕೊನೆ ಇಳಿಸೋ ಕೊನೆಗೌಡ ಸಿಗಲಿಲ್ಲ, ಮದ್ದು ಹೊಡೆಯೋಕೆ ಜನ ಇಲ್ಲ ಅಂತ ಫೋನಿನಲ್ಲಿ ಹೇಳ್ತಾರೆ, ಮುಂದೇನು ಅಂತ ಮಾತ್ರ ಕೇಳೋದಿಲ್ಲ. ನಾನೂ ಕೇಳೋದಿಲ್ಲ. ಊರಿಗೆ ಬಂದಾಗ ಅಪ್ಪನ ಜೊತೆ ಒಬ್ಬನೇ ತೋಟಕ್ಕೆ ಇಳಿಯೋಕೆ ನಂಗೆ ಹೆದರಿಕೆ, ಗಣಪತಿ. ಅಲ್ಲಿ, ಕಾಲುವೆಯ ಹತ್ತಿರ ನಿಂತು ಕೇಳಿಬಿಟ್ಟರೆ ನನ್ನಲ್ಲಿ ಉತ್ತರ ಇಲ್ಲ. ವಾಪಸ್ ಬರ್ತೀನಿ ಅನ್ನೋಕೆ ಧೈರ್ಯ ಸಾಲದು, ಬರೋದಿಲ್ಲ ಅನ್ನೋಕೆ ನಾಲಿಗೆ ಏಳದು. ನಿನ್ನನ್ನ ಕಂಡರೆ ನಂಗೆ ಹೊಟ್ಟೆಕಿಚ್ಚು. ಊರಲ್ಲೇ ಉಳಿದವನು ಅಂತ ನಿನ್ನ ಬಗ್ಗೆ ಯಾರಾದರೂ ಕನಿಕರದಿಂದ ಮಾತಾಡಿದರೆ ಮೈ ಉರಿಯುತ್ತೆ.

ಇಷ್ಟೆಲ್ಲ ಬರೆಯೋ ಯೋಚನೆ ಇರಲಿಲ್ಲ. ಇರಲಿ, ಬೇರೆ ಮಾತಾಡೋಣ. ಪೆಸ್ಟೊ ಹುಟ್ಟಿದ ಸೀಮೆ ಇದು. ಹಸಿ ಸೊಪ್ಪು ಅರೆದು ಊಟಕ್ಕೆ ಕಲಸಿಕೊಳ್ಳೋದು ಅಂದರೆ ನೀನು ಎರಡು ಸಲ ಹಾಕಿಸಿಕೊಳ್ತೀಯ ಅನ್ನೋದರಲ್ಲಿ ಸಂಶಯವೇ ಇಲ್ಲ. ಕೊನೆ ಕೊಯ್ಲು ಮುಗಿದ ಮೇಲೆ ಪಾಸ್‌ಪೋರ್ಟ್ ಮಾಡಿಸು, ಟಿಕೆಟ್ ನಾನು ನೋಡಿಕೊಳ್ತೀನಿ. ಕೊರ್ನೀಲ್ಯಾದಲ್ಲಿ ರೈಲಿಳಿದು ಊರಿಗೆ ನಡೆದು ಹೋಗೋಕೆ 380ರ ಆಸುಪಾಸು ಮೆಟ್ಟಿಲು ಹತ್ತಬೇಕು. ಯಾಣದಲ್ಲಿ ಸುಬ್ಬಣ್ಣ ಹೇಳಿದ ಆ ಮಾತನ್ನ ಅಲ್ಲಿ ನೀನೇ ಹೇಳಬೇಕು, ಜೋರಾಗಿ. ಅಲ್ಲಿ ಯಾರಿಗೂ ಅರ್ಥ ಆಗೋದಿಲ್ಲ.

ನಿನ್ನ
ಶ್ರೀಪಾದ