ವರ್ಷದ ಕೊನೆಗೆ ಪೋಷಕರಿಗೊಂದು ಪತ್ರ

ಹೊನ್ನಾವರ
ಏಪ್ರಿಲ್ 2026

ಪ್ರಿಯ ಪೋಷಕರೇ,

ನಮಸ್ಕಾರ. ಮಕ್ಕಳ ಅಂಕಪಟ್ಟಿಯ ಜೊತೆಗೇ ಈ ಪತ್ರ ಇಟ್ಟಿದ್ದೇನೆ. ನೀವು ಹೇಗೂ ಅಂಕಪಟ್ಟಿಯನ್ನೇ ಮೊದಲು ನೋಡುತ್ತೀರಿ, ಗೊತ್ತು. ನೋಡಿ, ಬೈಯುವುದಿದ್ದರೆ ಬೈದು, ಊಟ ಮುಗಿಸಿ ಆಮೇಲೆ ಇದನ್ನು ಓದಿ.

ಮೊದಲು ಒಂದು ಫೋನಿನ ಕತೆ. ನವೆಂಬರ್‌ನಲ್ಲಿ ಒಬ್ಬ ತಂದೆ ಫೋನ್ ಮಾಡಿದರು. ಯಾರು ಅಂತ ಹೇಳುವುದಿಲ್ಲ, ಓದಿದರೆ ಅವರಿಗೇ ಗೊತ್ತಾಗುತ್ತದೆ. "ಸರ್, ನಮ್ಮ ಮಾಣಿಗೆ ಹೆಣ್ಣಿನ ವೇಷ ಕೊಟ್ಟಿದ್ದೀರಂತೆ. ರಾಕ್ಷಸನ ಪಾತ್ರ ಇದ್ರೆ ಕೊಡಿ, ಇಲ್ಲದಿದ್ರೆ ಅವನ ಹೆಸರು ತೆಗೆದುಬಿಡಿ. ಊರಲ್ಲಿ ನಗ್ತಾರೆ" ಅಂದರು.

ನಮ್ಮದು ಗಂಡುಹುಡುಗರ ಶಾಲೆ. ನಮ್ಮ ವಾರ್ಷಿಕೋತ್ಸವದಲ್ಲಿ, ಅಂದರೆ ಗ್ಯಾದರಿಂಗ್‌ನಲ್ಲಿ ಪ್ರತಿ ವರ್ಷ ಒಂದು ಯಕ್ಷಗಾನ ಆಗಲೇಬೇಕು. ನಾನು ಈ ಶಾಲೆಗೆ ಬರುವ ಮೊದಲಿನಿಂದಲೂ ಇರುವ ಪದ್ಧತಿ ಇದು. ಈ ಸಲದ ಪ್ರಸಂಗ ಭಸ್ಮಾಸುರ ಮೋಹಿನಿ. ನಮ್ಮ ತಾಲೂಕಿನಲ್ಲಿ ಭಸ್ಮಾಸುರ ಅಂದರೆ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2017ರಲ್ಲಿ ತೀರಿಕೊಂಡರು. ಈಗಿನ ಹುಡುಗರು ಅವರ ಕುಣಿತ ನೋಡಿರುವುದು ಮೊಬೈಲಿನಲ್ಲಿ ಮಾತ್ರ. ಆದರೂ ಭಸ್ಮಾಸುರ ಯಾರಾಗ್ತೀರಿ ಅಂದರೆ ಇಡೀ ತರಗತಿ ಕೈ ಎತ್ತಿತು. ಮೋಹಿನಿ ಯಾರಾಗ್ತೀರಿ ಅಂದಾಗ ಎಲ್ಲರೂ ಬೆಂಚಿನ ಕೆಳಗೆ ಪೆನ್ನು ಹುಡುಕತೊಡಗಿದರು. ಕೊನೆಗೆ ಚೀಟಿ ಎತ್ತಿದೆವು. ಬಂದದ್ದು ಈ ಮಾಣಿಯ ಹೆಸರು.

ನಾನು ಆ ತಂದೆಗೆ ಉಪದೇಶ ಮಾಡಲಿಲ್ಲ. "ಭಸ್ಮಾಸುರನನ್ನು ಸುಟ್ಟವರು ಯಾರು? ಮೋಹಿನಿ. ಮೋಹಿನಿ ಯಾರು? ವಿಷ್ಣು. ದೇವರೇ ಹಾಕಿಕೊಂಡ ವೇಷ ನಿಮ್ಮ ಮಗನಿಗೆ ಬೇಡವಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ನೋಡುವಾ ಸರ್" ಅಂದರು. ಬಯಲಾಟದ ಮೇಳಗಳಲ್ಲಿ ದ್ರೌಪದಿ, ದಮಯಂತಿ ಎಲ್ಲ ಆಗಿದ್ದವರು ಗಂಡಸರೇ ಅಲ್ವಾ? ಅವರ ಮನೆಯವರೂ ಊರಲ್ಲಿ ತಲೆ ಎತ್ತಿಕೊಂಡೇ ಓಡಾಡಿದರು.

ಗ್ಯಾದರಿಂಗ್ ದಿನ ನಾನು ಚೌಕಿಗೆ ಹೋದೆ. ಚೌಕಿ ಅಂದರೆ ವೇಷ ಕಟ್ಟುವ ಕೋಣೆ. ನಮಗೆ ಅದು ಎಂಟನೇ ಬಿ ತರಗತಿ, ಕಿಟಕಿಗೆ ಬೆಡ್‌ಶೀಟ್ ಕಟ್ಟಿದ್ದು. ಮೋಹಿನಿ ಬೆಂಚಿನ ಮೇಲೆ ನಿಂತಿದ್ದಾನೆ. ಫೋನ್ ಮಾಡಿದ್ದ ಅಪ್ಪ ಕೆಳಗೆ ಮಂಡಿಯೂರಿ ಕೂತಿದ್ದಾರೆ. ಬಾಯಲ್ಲಿ ನಾಲ್ಕು ಸೇಫ್ಟಿ ಪಿನ್ನು. ಸೀರೆಯ ನೆರಿಗೆ ಹಿಡಿದು ಹಿಡಿದು ಮತ್ತೆ ಬಿಚ್ಚುತ್ತಿದ್ದರು, ಸರಿ ಬರುತ್ತಿರಲಿಲ್ಲ. ಪಿನ್ನು ಕಚ್ಚಿಕೊಂಡೇ "ನಿನ್ನಮ್ಮ ದಿನಾ ಇದನ್ನು ಹ್ಯಾಗೆ ಉಡ್ತಾಳೋ ಮಾರಾಯ" ಅಂದರು. ನಾನು ಸದ್ದಿಲ್ಲದೆ ಹೊರಗೆ ಬಂದೆ.

ಆಟ ಚೆನ್ನಾಗಿಯೇ ಆಯಿತು. ಒಂದೇ ಒಂದು ಎಡವಟ್ಟು. ಭಸ್ಮಾಸುರ ಮೋಹಿನಿಯಂತೆಯೇ ಕುಣಿಯುತ್ತಾ ತಲೆ ಮೇಲೆ ಕೈಯಿಟ್ಟ. ಇಟ್ಟವನು ಚಪ್ಪಾಳೆ ಕೇಳಿ ಹಾಗೇ ನಿಂತುಬಿಟ್ಟ. ಮೋಹಿನಿ "ಬೀಳೋ, ಬೀಳೋ" ಅಂದದ್ದು ಮೈಕಿನಲ್ಲಿ ಹಿಂದಿನ ಸಾಲಿನ ತನಕ ಕೇಳಿತು.

ಈ ಯಕ್ಷಗಾನ ಈ ವರ್ಷ ನಿಂತೇ ಹೋಗುತ್ತದೆ ಅಂತ ನಾನು ಹೆದರಿದ್ದೆ. ಯಾಕೆಂದರೆ ಅದನ್ನು ಕಲಿಸುತ್ತಿದ್ದ ನಮ್ಮ ಗಣಿತದ ಮಾಸ್ತರರು ಜುಲೈ ಕೊನೆಗೆ ನಿವೃತ್ತರಾದರು. ಮಗ್ಗಿ ಬಾರದ ಹುಡುಗರಿಗೂ ಅವರು ತ್ರಿವುಡೆ ತಾಳ ಹಾಕಿಸುತ್ತಿದ್ದರು. ಏಳು ಅಕ್ಷರ, ಮೂರು, ಎರಡು, ಎರಡು. ಮೇಜಿನ ಮೇಲೆ ಬೆರಳಿನಲ್ಲಿ ಬಡಿಯುತ್ತಾ "ಏಳನ್ನು ಒಡೆಯೋಕೆ ಬಂತಲ್ಲ, ಲೆಕ್ಕವೂ ಬರ್ತದೆ" ಅನ್ನುತ್ತಿದ್ದರು. ಬೀಳ್ಕೊಡುಗೆಯ ದಿನ ಶಾಲು, ಹಾರ, ಭಾಷಣ ಎಲ್ಲ ಆಯಿತು. ನಾನೂ ಜಾಸ್ತಿಯೇ ಮಾತಾಡಿದೆ. ಅದರ ಮುಂದಿನ ಶನಿವಾರ ಬೆಳಿಗ್ಗೆ ನೋಡಿದರೆ ಮದ್ದಳೆಯನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಗೇಟಿನಲ್ಲಿ ನಿಂತಿದ್ದಾರೆ! ಅಂದಿನಿಂದ ಬಹುತೇಕ ಎಲ್ಲ ಶನಿವಾರವೂ ಬಂದಿದ್ದಾರೆ. ಪೆಟ್ರೋಲ್ ದುಡ್ಡು ಕೊಡಲು ಹೋದರೆ ಬೈಸಿಕೊಳ್ಳಬೇಕು.

ನಮ್ಮದು ಅನುದಾನಿತ ಶಾಲೆ. ಖಾಲಿಯಾದ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು, ಅದು ಬರುವ ಹೊತ್ತಿಗೆ ಒಂದು ಬ್ಯಾಚ್ ಹೊರಗೆ ಹೋಗಿರುತ್ತದೆ. ಹಾಗಾಗಿ ಆಡಳಿತ ಮಂಡಳಿಯೇ ಗೌರವಧನ ಕೊಟ್ಟು ಗಣಿತಕ್ಕೆ ಒಬ್ಬ ಅಕ್ಕೋರನ್ನು ನೇಮಿಸಿದೆ. ಇಷ್ಟು ವರ್ಷ ಬರೀ ಮಾಸ್ತರರೇ ಇದ್ದ ಶಾಲೆ ನೋಡಿ, ಮೊದಲ ಒಂದು ತಿಂಗಳು ಹುಡುಗರು ಹಾಜರಿಗೆ "ಯಸ್ ಸರ್" ಅಂತಲೇ ಹೇಳುತ್ತಿದ್ದರು. ಅಕ್ಕೋರು ತಿದ್ದಲಿಲ್ಲ. ಒಂದು ದಿನ ಅವರು "ಎಲ್ಲಾ ಹುಡುಗೀರೂ ಪುಸ್ತಕ ತೆಗೀರಿ" ಅಂದರಂತೆ. ಅವತ್ತಿಗೆ ಆ ಅಭ್ಯಾಸ ನಿಂತಿತು.

ಚಿತ್ರಕಲೆಯ ಹುದ್ದೆ ಇನ್ನೂ ಖಾಲಿ ಇದೆ. ಅದಕ್ಕೆ ಜನ ಸಿಕ್ಕಿಲ್ಲ. ಗಂಟೆ ಹೊಡೆಯುತ್ತಿದ್ದ ನಮ್ಮ ಜವಾನರೂ ನಿವೃತ್ತರಾದರು. ಮಾವಿನ ಮರಕ್ಕೆ ನೇತುಹಾಕಿದ ಆ ರೈಲು ಹಳಿಯ ತುಂಡನ್ನು ಈಗ ಹುಡುಗರೇ ಸರದಿಯ ಮೇಲೆ ಹೊಡೆಯುತ್ತಾರೆ. ಒಂಬತ್ತನೇ ತರಗತಿಯವನೊಬ್ಬ ಒಂದು ಮಧ್ಯಾಹ್ನ ಹತ್ತು ನಿಮಿಷ ಮೊದಲೇ ಬಿಡುವಿನ ಗಂಟೆ ಹೊಡೆದ. ಕೇಳಿದರೆ "ಹಸಿವಾಗಿತ್ತು ಸರ್" ಅಂದ. ಸತ್ಯ ಹೇಳಿದ್ದಕ್ಕೆ ಶಿಕ್ಷೆ ಕೊಡಲಿಲ್ಲ. ಬಿಸಿಯೂಟ ಬಡಿಸುವ ಕೆಲಸಕ್ಕೆ ಹಾಕಿದೆ.

ಇನ್ನು ಕ್ಲಬ್ಬುಗಳು. ಇಲ್ಲಿ ನನ್ನ ತಪ್ಪೊಂದಿದೆ. ಜೂನ್, ಜುಲೈನ ಮಳೆ ರಜೆಯನ್ನು ಸರಿದೂಗಿಸಲು ಶನಿವಾರ ಪೂರ್ತಿ ದಿನ ಪಾಠ ಇಟ್ಟೆ. ಕ್ಲಬ್ಬುಗಳು ಶುರುವಾದದ್ದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಚರ್ಚಾ ಸಂಘ ಸತ್ತೇ ಹೋಗಿತ್ತು, ಮತ್ತೆ ಏಳಲಿಲ್ಲ. ವಿಜ್ಞಾನ ಸಂಘದವರು ಸೆಪ್ಟೆಂಬರ್ 7ರ ರಾತ್ರಿ ಖಗ್ರಾಸ ಚಂದ್ರಗ್ರಹಣ ನೋಡಲು ಶಾಲೆಯ ತಾರಸಿ ಹತ್ತಿದ್ದರು. ಮೋಡದ ಸಂದಿಯಲ್ಲಿ ಕೆಂಪು ಚಂದ್ರ ಒಂದೆರಡು ಸಲ ಮುಖ ತೋರಿಸಿದ. ಗ್ರಹಣದ ಹೊತ್ತಿಗೆ ಏನೂ ತಿನ್ನಬಾರದು ಅಂತ ಹೇಳಿ ಕಳಿಸಿದ ಅಮ್ಮಂದಿರ ಮಕ್ಕಳೂ ಅವಲಕ್ಕಿ ತಿಂದರು. ಕ್ಷಮೆ ಇರಲಿ.

ಇಕೋ ಕ್ಲಬ್ ಮಾತ್ರ ಜೋರಾಗಿತ್ತು. ಶರಾವತಿ ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಟ್ಟೆವು. ಕಾಂಡ್ಲಾದ ಬೀಜ ಮರದ ಮೇಲೇ ಮೊಳಕೆಯೊಡೆದು ನುಗ್ಗೆಕಾಯಿ ಹಾಗೆ ಜೋತಾಡುತ್ತದೆ. ಅದರ ಚೂಪು ತುದಿಯನ್ನು ಕೆಸರಿಗೆ ಚುಚ್ಚಿದರೆ ಸಾಕು, ಗುಂಡಿ ತೋಡುವ ಕೆಲಸವಿಲ್ಲ. ನೀರು ಇಳಿದಾಗ ಹೋಗಬೇಕು, ಏರುವ ಮೊದಲು ಬರಬೇಕು. ಹೊಳೆಯ ಲೆಕ್ಕ ನಮಗಿಂತ ಮೀನುಗಾರರ ಮನೆಯ ಹುಡುಗರಿಗೆ ಚೆನ್ನಾಗಿ ಗೊತ್ತು. ಪರೀಕ್ಷೆಯಲ್ಲಿ ಹಿಂದಿನ ಬೆಂಚಿನವರು ಅವತ್ತು ನಾಯಕರು. ನನ್ನನ್ನೂ ಸೇರಿಸಿ ಎಲ್ಲರಿಗೂ "ಅಲ್ಲಿ ಕಾಲಿಡಬೇಡಿ" ಅಂತ ಹೇಳುತ್ತಿದ್ದರು. ಕೇಳದ ನಾನು ಒಂದು ಚಪ್ಪಲಿ ಕಳೆದುಕೊಂಡೆ. ನೆಟ್ಟದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿದೆ. ಕೆಲವನ್ನು ಏಡಿ ತಿಂದವು, ಕೆಲವು ನೀರಿಗೆ ಹೋದವು. ಈ ಮಳೆಗಾಲದಲ್ಲಿ ಮತ್ತೆ ನೆಡುತ್ತೇವೆ.

ಕಾಸರಕೋಡ ಟೊಂಕದ ದಂಡೆಯಲ್ಲಿ ಕಡಲಾಮೆ ಮೊಟ್ಟೆ ಇಡುವುದು ನಿಮಗೆ ಗೊತ್ತು. ಅರಣ್ಯ ಇಲಾಖೆಯವರ ಜೊತೆ ಹೋಗಿ ಮರಿಗಳು ಕಡಲಿಗೆ ಇಳಿಯುವುದನ್ನು ನೋಡಿ ಬಂದೆವು. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ಮರಳು ಬಿಸಿಯಾಗಿದ್ದರೆ ಹೆಣ್ಣು ಮರಿ ಜಾಸ್ತಿ, ತಂಪಾಗಿದ್ದರೆ ಗಂಡು ಜಾಸ್ತಿ ಅಂತ ಅವರು ವಿವರಿಸಿದರು. ಎಂಟನೇ ತರಗತಿಯವನು ಕೇಳಿದ: "ಹಾಗಾದ್ರೆ ನಮ್ಮ ಶಾಲೆ ತುಂಬಾ ತಂಪು ಅಲ್ವಾ ಸರ್?"

ಅಡುಗೆ ಕ್ಲಬ್ ಈ ವರ್ಷ ಹೊಸದು. ನಿಯಮ ಒಂದೇ, ಬೇಯಿಸಿದವನೇ ಪಾತ್ರೆ ತೊಳೆಯಬೇಕು. ಒಂದೆಲಗದ ತಂಬುಳಿ, ಗಂಜಿ, ಮಾವಿನ ಕಾಲಕ್ಕೆ ಅಪ್ಪೆಹುಳಿ, ಇಷ್ಟು ಕಲಿತಿದ್ದಾರೆ. ಮೊದಲ ದಿನದ ಅಪ್ಪೆಹುಳಿಗೆ ಇಂಗು ಎಷ್ಟು ಬಿದ್ದಿತ್ತೆಂದರೆ ಆಫೀಸು ರೂಮು ಎರಡು ದಿನ ಘಮಘಮ ಅನ್ನುತ್ತಿತ್ತು. ಇಬ್ಬರು ತಾಯಂದಿರು "ಮಗ ಮನೇಲಿ ಒಗ್ಗರಣೆ ಹಾಕ್ತಾನೆ" ಅಂತ ಹೇಳಿ ಕಳಿಸಿದರು. ಪಾತ್ರೆ ತೊಳೆಯುವ ಬಗ್ಗೆ ಇನ್ನೂ ಯಾರೂ ಹೇಳಿಲ್ಲ.

ಕಬಡ್ಡಿ, ವಾಲಿಬಾಲ್ ಎರಡರಲ್ಲೂ ತಾಲೂಕು ಮಟ್ಟದಲ್ಲೇ ಸೋತೆವು. ಸರಿಯಾಗಿಯೇ ಸೋತೆವು, ಎದುರಿನವರು ಚೆನ್ನಾಗಿ ಆಡಿದರು.

ಹತ್ತನೇ ತರಗತಿಗೆ ಹೋಗುವವರ ಮನೆಯವರಿಗೆ ಒಂದು ಮಾತು. ಪ್ರತಿ ಜೂನ್‌ನಲ್ಲೂ "ಎಸ್ಸೆಸ್ಸೆಲ್ಸಿ ಸರ್, ಕ್ಲಬ್ ಬಿಡಿಸಿಬಿಡಿ" ಅನ್ನುತ್ತೀರಿ. ವಾರಕ್ಕೆ ಒಂದು ಗಂಟೆ ಮದ್ದಳೆ ಬಾರಿಸಿದ್ದರಿಂದ ಯಾರೂ ಫೇಲಾಗಿದ್ದನ್ನು ನಾನು ನೋಡಿಲ್ಲ. ರಾತ್ರಿ ಹನ್ನೆರಡರ ತನಕ ಮೊಬೈಲ್ ನೋಡಿ ಕೆಟ್ಟವರನ್ನು ನೋಡಿದ್ದೇನೆ. ಬಿಡಿಸುವುದಿದ್ದರೆ ಅದನ್ನು ಬಿಡಿಸಿ. ಈ ಸಲ ಪರೀಕ್ಷೆ ಬರೆದವರಲ್ಲಿ ಯಾರಿಗಾದರೂ ಕಡಿಮೆ ಬಂದರೆ ಗಾಬರಿ ಬೇಡ. ಅದೇ ವರ್ಷ ಎರಡನೆಯ ಪರೀಕ್ಷೆಯೂ ಇದೆ. ಎರಡನೆಯದಕ್ಕೆ ಕಟ್ಟುವವರಿಗೆ ರಜೆಯಲ್ಲೂ ಅಕ್ಕೋರು ಪಾಠ ಮಾಡುತ್ತಾರೆ.

ಬಿಟ್ಟು ಹೋಗುವ ಬ್ಯಾಚಿನವರು ಶಾಲೆಗೆ ಕಾಣಿಕೆ ಕೊಡುವ ಪದ್ಧತಿಯೂ ಇದೆ. ಆರು ಬ್ಯಾಚಿನವರು ಗೋಡೆ ಗಡಿಯಾರ ಕೊಟ್ಟಿದ್ದಾರೆ. ಆರರಲ್ಲಿ ಓಡುವುದು ಎರಡು, ಆ ಎರಡರ ನಡುವೆ ಏಳು ನಿಮಿಷದ ಜಗಳ. ಈ ಬ್ಯಾಚಿನವರು ಕೇಳಿದಾಗ ಕೈ ಮುಗಿದೆ. ಅಡುಗೆ ಕ್ಲಬ್ಬಿಗೆ ಎರಡು ದೊಡ್ಡ ಪಾತ್ರೆ ಕೊಟ್ಟರು.

ಜೂನ್‌ನಲ್ಲಿ ಬರುವಾಗ ಕೊಡೆ, ರೇನ್‌ಕೋಟಿನ ಮೇಲೆ ಹೆಸರು ಬರೆದಿರಲಿ. ಕಳೆದ ವರ್ಷದ್ದೇ ಹನ್ನೆರಡು ಕಪ್ಪು ಕೊಡೆ ಆಫೀಸಿನಲ್ಲಿ ಬಿದ್ದಿವೆ. ಮುಂದಿನ ವರ್ಷದ ಪ್ರಸಂಗ ಇನ್ನೂ ಗೊತ್ತಾಗಿಲ್ಲ. ಆದರೆ ಸ್ತ್ರೀವೇಷಕ್ಕೆ ಈಗಾಗಲೇ ಮೂವರು ಹೆಸರು ಕೊಟ್ಟಿದ್ದಾರೆ, ಚೀಟಿ ಎತ್ತದೆ. ಮನೆಯಲ್ಲಿ ಉಡದೆ ಇಟ್ಟ ಗಟ್ಟಿ ಬಣ್ಣದ ಹಳೇ ಸೀರೆ ಇದ್ದರೆ ಮಗನ ಕೈಯಲ್ಲಿ ಕೊಟ್ಟು ಕಳಿಸಿ. ಜರಿ ಇದ್ದರೆ ಒಳ್ಳೆಯದು. ಸೇಫ್ಟಿ ಪಿನ್ನು ನಾವೇ ತರುತ್ತೇವೆ.

ನಿಮ್ಮ,
ಮುಖ್ಯಾಧ್ಯಾಪಕ