ಮಗಳಿಗೊಂದು ಪತ್ರ: ನಿನ್ನೆಯ ಬ್ರೆಡ್

ಪುಟ್ಟಿ,

ಗುರುವಾರ ರಾತ್ರಿ ನೀನು ಫೋನಿಟ್ಟ ಮೇಲೆ ಅಮ್ಮ ನನ್ನ ಜೊತೆ ಮಾತಾಡಿಲ್ಲ. ತಿಂಡಿ ತಟ್ಟೆ ತಂದು ಕುಕ್ಕುತ್ತಾಳೆ, ಅಷ್ಟೇ. ನೀನೂ ಮೂರು ದಿನದಿಂದ ಫೋನ್ ತೆಗೆಯುತ್ತಿಲ್ಲ. ಅದಕ್ಕೆ ಬರೆಯಲು ಕೂತೆ. ಪೋಸ್ಟಿಗೆ ಹಾಕಿದರೆ ಯಾವಾಗ ಮುಟ್ಟುತ್ತದೋ, ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ನನ್ನ ಅಕ್ಷರ ಗೊತ್ತಲ್ಲ, ದೊಡ್ಡದು ಮಾಡಿಕೊಂಡು ಓದು.

ನಾನು ಕೂಗಾಡಬಾರದಿತ್ತು. "ನನ್ನ ಮಗಳಿಗೆ ಹಳೇ ಬ್ರೆಡ್ ತಿನ್ನೋ ಗತಿ ಬಂದಿಲ್ಲ, ನಾಳೆನೇ ದುಡ್ಡು ಹಾಕ್ತೀನಿ" ಅಂದೆ. "ಯಾವ ದುಡ್ಡು ಅಪ್ಪ?" ಅಂತ ನೀನು ಕೇಳಿದೆ. ಸರಿಯಾಗೇ ಕೇಳಿದೆ. ಜರ್ಮನಿಯ ವೀಸಾಕ್ಕೆ ಅಂತ ಮೊದಲೇ ದುಡ್ಡು ತುಂಬಿ, ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಆ ಬ್ಲಾಕ್ಡ್ ಅಕೌಂಟಿಗೆ ಕಟ್ಟಿದ 11,904 ಯೂರೊ, ಅದರಲ್ಲಿ ತಿಂಗಳಿಗೆ ನಿನ್ನ ಕೈಗೆ ಬರುವ 992, ಎರಡೂ ನನಗೆ ಬಾಯಿಪಾಠ. ಬಾಡಿಗೆ, ಇನ್ಶೂರೆನ್ಸ್ ಕಳೆದು ಎಷ್ಟು ಉಳಿಯುತ್ತದೆ ಅಂತ ಬೇಕರಿಯ ಬಿಲ್ ಪುಸ್ತಕದ ಹಿಂದೆ ಎಷ್ಟು ಸಲ ಬರೆದು ನೋಡಿದ್ದೇನೋ.

ಆದರೆ ನನಗೆ ರೇಗಿದ್ದು ಅದಕ್ಕಲ್ಲ. ಅಂಗಡಿಯಲ್ಲಿ ನಿನ್ನೆಯ ಬ್ರೆಡ್ ಅಂತಲೇ ಚೀಟಿ ಅಂಟಿಸಿ ಅರ್ಧ ಬೆಲೆಗೆ ಇಡುತ್ತಾರೆ, ನಾನು ಅದನ್ನೇ ತರೋದು ಅಂದೆಯಲ್ಲ. ಆಮೇಲೆ ನಗುತ್ತಾ ಇನ್ನೊಂದು ಮಾತು ಸೇರಿಸಿದೆ. "ನಿನ್ನೆಯ ಬ್ರೆಡ್ ನಂಗೇನು ಹೊಸದಾ ಅಪ್ಪ?"

ಅಲ್ಲಿಗೆ ನನ್ನ ತಲೆ ಕೆಟ್ಟಿತು.

ನೀನು ಒಂದನೇ ಕ್ಲಾಸೋ ಎರಡನೇ ಕ್ಲಾಸೋ ಇದ್ದಾಗಿನ ಮಾತು. ರಾತ್ರಿ ಒಂಬತ್ತಕ್ಕೆ ನಾನು ಬರುವವರೆಗೆ ನೀನು ಮಲಗುತ್ತಿರಲಿಲ್ಲ. ಮಾರಾಟವಾಗದೆ ಉಳಿದ ಬ್ರೆಡ್ಡಿನಲ್ಲಿ ಒಂದೊಂದನ್ನು ಮಾಲೀಕರು ಕೆಲಸದವರಿಗೆ ಕೊಡುತ್ತಿದ್ದರು. ಮಿಕ್ಕಿದ್ದು ಹೋಳಾಗಿ ರಾತ್ರಿ ಒಲೆಗೆ ಹೋಗುತ್ತಿತ್ತು. ಸೌದೆ ಒಲೆ, ಬ್ರೆಡ್ಡು, ಬನ್ನು, ಬಿಸ್ಕತ್ತು ಎಲ್ಲ ಆದ ಮೇಲೂ ಕಾವು ಆರುತ್ತಿರಲಿಲ್ಲ. ಬೆಳಗಾಗುವಷ್ಟರಲ್ಲಿ ಗರಿಗರಿ ರಸ್ಕ್. ಇರಲಿ, ಅದಲ್ಲ ವಿಷಯ. ನಾನು ತರುತ್ತಿದ್ದ ಬ್ರೆಡ್ ಹಿಂದಿನ ದಿನದ್ದು, ಕೆಲವು ಸಲ ಅದರ ಹಿಂದಿನ ದಿನದ್ದು. ಅಂಚು ಬಿರುಸಾಗಿರುತ್ತಿತ್ತು. ನಾನು ಸೀದಾ ಅಡುಗೆಮನೆಗೆ ಹೋಗಿ ನೀರು ಚಿಮುಕಿಸಿ ಇಡ್ಲಿ ಪಾತ್ರೆಯಲ್ಲಿ ಎರಡು ನಿಮಿಷ ಆವಿಗೆ ಇಡುತ್ತಿದ್ದೆ. ಬಿರುಸಾದ ಬ್ರೆಡ್ ಬಿಸಿ ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಒಂದರ್ಧ ಗಂಟೆ ಮಾತ್ರ, ಆಮೇಲೆ ಮೊದಲಿಗಿಂತ ಜಾಸ್ತಿ ಗಟ್ಟಿ. ನಿನಗೆ ಅರ್ಧ ಗಂಟೆ ಸಾಕಾಗಿತ್ತು. "ಈಗ್ತಾನೆ ಒಲೆಯಿಂದ ತೆಗೆದಿದ್ದು" ಅಂತ ತಂದು ಕೊಡುತ್ತಿದ್ದೆ. ನೀನು ತಿನ್ನುವ ಮೊದಲು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆ.

ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ, ನಮ್ಮಪ್ಪ ದಿನಾ ಬಿಸಿ ಬ್ರೆಡ್ ತರ್ತಾರೆ ಅಂತ. ನಿಮ್ಮ ಮಿಸ್ ಒಂದು ದಿನ ಅಮ್ಮನ ಹತ್ತಿರ ಕೇಳಿದ್ದರು, ಯಾವ ಬೇಕರಿ, ನಾವೂ ತಗೋತೀವಿ ಅಂತ.

ಒಂದು ರಾತ್ರಿ ಪಾತ್ರೆಯ ಮುಚ್ಚಳ ತೆಗೆದು ತಿರುಗಿದಾಗ ನೀನು ಬಾಗಿಲಲ್ಲಿ ನಿಂತಿದ್ದೆ. ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಬ್ರೆಡ್ ಇಸಕೊಂಡು ಹೋದೆ. ಅವತ್ತು ಕೆನ್ನೆಗೆ ಒತ್ತಿಕೊಂಡೆಯೋ ಇಲ್ಲವೋ ನನಗೆ ನೆನಪಿಲ್ಲ. ಮೂರು ದಿನದಿಂದ ಹಿಟ್ಟು ನಾದುವಾಗಲೂ ಅದೇ ಯೋಚನೆ. ನಿನಗೆ ಅವತ್ತೇ ಗೊತ್ತಾಯಿತಾ? ಮೊದಲೇ ಗೊತ್ತಿತ್ತಾ? ಗೊತ್ತಿದ್ದೂ ಮಿಸ್ ಹತ್ತಿರ ಹಾಗೆ ಹೇಳಿದೆಯಾ? ಅಮ್ಮನನ್ನು ಕೇಳೋಣ ಅಂದರೆ ಅವಳು ಮಾತಾಡುತ್ತಿಲ್ಲ.

ನಮ್ಮ ಹಾಸನದ ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ಇಟ್ಟರು. ಆಮೇಲೆ ನಮ್ಮ ಕಡೆಯವರು ಎಷ್ಟು ಜನ ಬೆಂಗಳೂರಿಗೆ ಬಂದು ಅಂಗಡಿ ಇಟ್ಟರೋ. ನಾನು ಬಂದದ್ದು ಟ್ರೇ ತೊಳೆಯುವುದಕ್ಕೆ. ಅಂಗಡಿ ಇಡಲಿಲ್ಲ. ಇಟ್ಟಿದ್ದರೆ ನಿನಗೆ ನಿಜವಾಗಲೂ ಬಿಸಿ ಬ್ರೆಡ್ ಸಿಗುತ್ತಿತ್ತು.

ಸರಿ, ಮನೆಯಲ್ಲೇ ಬ್ರೆಡ್ ಮಾಡಿಕೊಂಡರೆ ಉಳಿತಾಯವಾ ಅಂತ ಕೇಳಿದ್ದೆಯಲ್ಲ, ಜಗಳದಲ್ಲಿ ಅದು ಬಿಟ್ಟೇಹೋಯಿತು. ನೀನು ಹೇಳಿದ ರೇಟು ಹಿಡಿದರೆ ಅರ್ಧ ಕಿಲೊ ಹಿಟ್ಟಿಗೆ ಅರ್ಧ ಯೂರೊ ಕೂಡ ಇಲ್ಲ. ಆದರೆ ಒಂದು ಗಂಟೆ ಓವನ್ ಉರಿದರೆ ಒಂದು, ಒಂದೂವರೆ ಯೂನಿಟ್ ಕರೆಂಟ್ ಹೋಗುತ್ತದೆ. ಅಲ್ಲಿ ಕರೆಂಟು ದುಬಾರಿ. ಒಂದೇ ಬ್ರೆಡ್ಡಿಗೆ ಓವನ್ ಹಚ್ಚಿದರೆ ಅಂಗಡಿಯ ಅಗ್ಗದ ಟೋಸ್ಟ್ ಬ್ರೆಡ್ಡಿಗೂ ನಿನ್ನದಕ್ಕೂ ಏನೂ ವ್ಯತ್ಯಾಸ ಬರುವುದಿಲ್ಲ. ಬೇಕರಿಯ ಒಳ್ಳೆ ಬ್ರೆಡ್ಡಿಗೆ ಹೋಲಿಸಿದರೆ ಮಾತ್ರ ಲಾಭ. ನಿನ್ನ ಹಾಸ್ಟೆಲಿನಲ್ಲಿ ಕರೆಂಟು ಬಾಡಿಗೆಯಲ್ಲೇ ಸೇರಿದೆ ಅಂದಿದ್ದೆ. ಹಾಗಿದ್ದರೆ ಮಾಡು. ಒಲೆ ಕಾದಾಗ ಒಂದೇ ಸುಡುವವನು ದಡ್ಡ. ಎರಡು ಮಾಡು, ಜಾಗ ಇದ್ದರೆ ಮೂರು.

ಅಲ್ಲಿ ಗೋಧಿ ಹಿಟ್ಟಿನ ಪ್ಯಾಕೆಟ್ ಮೇಲೆ ನಂಬರ್ ಇರುತ್ತದೆ, ಟೈಪ್ 550 ಅಂತ ಬರೆದದ್ದು ತಗೋ. 405 ಕೇಕಿಗೆ ಸರಿ. ಅರ್ಧ ಕಿಲೊ ಹಿಟ್ಟಿಗೆ 300 ಎಂಎಲ್ ನೀರು, 10 ಗ್ರಾಂ ಉಪ್ಪು, 7 ಗ್ರಾಮಿನ ಒಣ ಈಸ್ಟ್ ಒಂದು ಪ್ಯಾಕೆಟ್. ಚಳಿಗೆ ಹಿಟ್ಟು ಬೇಗ ಉಬ್ಬುವುದಿಲ್ಲ, ಗಡಿಬಿಡಿ ಮಾಡಬೇಡ. ಗಡಿಬಿಡಿ ಮಾಡೋದು ನಿನಗೆ ಹುಟ್ಟುಗುಣ. ಪರೀಕ್ಷೆಯಲ್ಲೂ ಅಷ್ಟೇ, ಅವತ್ತು ವೀಸಾ ಫಾರಂ ತುಂಬುವಾಗಲೂ ಅಷ್ಟೇ. ಕಾಲು ಭಾಗ ಈಸ್ಟ್ ಹಾಕಿ ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ತಾನಾಗಿ ಬಂದಿರುತ್ತದೆ, ರುಚಿಯೂ ಜಾಸ್ತಿ. ಪ್ಯಾಕೆಟ್ಟೂ ನಾಲ್ಕು ಸಲಕ್ಕೆ ಬಂತು.

ಬ್ರೆಡ್ ಫ್ರಿಜ್ಜಿನಲ್ಲಿ ಇಡಬೇಡ. ಫ್ರಿಜ್ಜಿನ ತಂಪಿಗೆ ಹೊರಗಿಗಿಂತ ಬೇಗ ಬಿರುಸಾಗುತ್ತದೆ. ಹೋಳು ಮಾಡಿ ಫ್ರೀಜರಿಗೆ ಹಾಕಿ, ಬೇಕಾದಷ್ಟೇ ತೆಗೆದು ಟೋಸ್ಟ್ ಮಾಡಿಕೋ. ಬೂಷ್ಟು ಕಂಡರೆ ಆ ಭಾಗ ಕಿತ್ತು ತಿನ್ನಬೇಡ, ಪೂರ್ತಿ ಬಿಸಾಕು. ಅಲ್ಲಿ ಮಾತ್ರ ದುಡ್ಡಿನ ಮುಖ ನೋಡಬೇಡ. ಆ ಕಪ್ಪು ರೈ ಬ್ರೆಡ್ ಫೋಟೊ ಕಳಿಸಿದ್ದೆಯಲ್ಲ, ಇಟ್ಟಿಗೆ ಥರ ಇತ್ತು, ಅದು ಬೇಗ ಒಣಗುವುದಿಲ್ಲ. ನಿನ್ನೆಯದು ತರುವುದಾದರೆ ಅದನ್ನೇ ತಾ. ಭಾನುವಾರ ಅಂಗಡಿ ಮುಚ್ಚಿರುತ್ತವೆ ಅಂದೆ. ಹಾಗಾದರೆ ಶನಿವಾರ ಸಂಜೆ ಹೋಗಿ ನೋಡು, ಭಾನುವಾರಕ್ಕೆ ಇಟ್ಟುಕೊಳ್ಳುವ ಹಾಗಿಲ್ಲವಲ್ಲ, ಬೆಲೆ ಇಳಿಸಿರಬಹುದು.

ನೋಡು, ಹಳೇ ಬ್ರೆಡ್ ಬೇಡ ಅಂತ ಕೂಗಾಡಿದವನು ಈಗ ದಾರಿ ಹೇಳುತ್ತಿದ್ದೇನೆ.

ಬರೀ ಬ್ರೆಡ್ಡೇ ತಿನ್ನಬೇಡ ಪುಟ್ಟಿ. ಬೇಳೆ ಬೇಯಿಸು. ಮೊಟ್ಟೆ ತಿಂದರೂ ನಾನೇನೂ ಅನ್ನುವುದಿಲ್ಲ, ಅಜ್ಜಿಗೆ ಹೇಳಬೇಡ. ವಿಡಿಯೊ ಕಾಲ್‌ನಲ್ಲಿ ನಿನ್ನ ಕೈ ಸಣ್ಣಗೆ ಕಂಡಿತು. ದುಡ್ಡು ಉಳಿಸುತ್ತಿದ್ದೇನೆ ಅಂತ ನೀನು ಹೇಳುವಾಗ ಯಾವ ಹೊತ್ತಿನ ಊಟ ಬಿಡುತ್ತಿದ್ದೀಯ ಅಂತ ನಾನು ಲೆಕ್ಕ ಹಾಕುತ್ತಿರುತ್ತೇನೆ. ನಮ್ಮ ಬೇಕರಿ ಹುಡುಗರ ಮುಂದೆ ಮಾತ್ರ, ನನ್ನ ಮಗಳು ಜರ್ಮನಿಯಲ್ಲಿ ಎಂ.ಎಸ್. ಮಾಡುತ್ತಿದ್ದಾಳೆ, ತಾನೇ ಬ್ರೆಡ್ ಮಾಡಿಕೊಳ್ಳುತ್ತಾಳೆ ಅಂತ ಆಗಲೇ ಹೇಳಿಯಾಗಿದೆ. ನೀನು ಇನ್ನೂ ಹಿಟ್ಟೇ ತಂದಿಲ್ಲ ಅಂತ ಅವರಿಗೇನು ಗೊತ್ತು.

ಮಾಡಿದ ದಿನ ಫೋಟೊ ಕಳಿಸು. ಕೊಯ್ದು ಒಳಗಿನದು ಕಳಿಸು, ಮೇಲಿನದು ನೋಡಿದರೆ ನನಗೇನೂ ತಿಳಿಯುವುದಿಲ್ಲ.

ಆಮೇಲೆ, ಆ ಇಡ್ಲಿ ಪಾತ್ರೆಯ ವಿಷಯ. ಫೋನಿನಲ್ಲಿ ಬೇಡ, ಅಮ್ಮ ಪಕ್ಕದಲ್ಲೇ ಇರುತ್ತಾಳೆ. ಬರೆದು ಕಳಿಸು.

ಅಪ್ಪ