ಬ್ರೆಡ್ಡಿನ ಜಪಸರ

ಪ್ರೀತಿಯ ತಮ್ಮಾ,

ನಿನ್ನ ಕಾಗದ ಬಂತು. ಕಾದಂಬರಿ ಮುನ್ನೂರು ಪುಟ ದಾಟಿದೆ, ಯಾವುದನ್ನು ಉಳಿಸಲಿ, ಯಾವುದನ್ನು ತೆಗೆಯಲಿ ಅಂತ ಕೇಳಿದ್ದೀಯ. ಓದುತ್ತಿದ್ದಂತೆ ಮಾಸ್ಕೋದ ಒಂದು ಮನೆ ನೆನಪಾಯಿತು.

ಟ್ವೆರ್‌ಸ್ಕಾಯಾ ಬೀದಿಯ 12ನೇ ನಂಬರಿನ ಕಟ್ಟಡದಲ್ಲಿದೆ ಅದು. 1974ರ ಫೆಬ್ರವರಿಯಲ್ಲಿ ರಷ್ಯಾದ ಲೇಖಕ ಅಲೆಕ್ಸಾಂಡರ್ ಸೋಲ್ಜೆನಿತ್ಸಿನ್ ಅವರನ್ನು ಹಿಡಿದುಕೊಂಡು ಹೋಗಿದ್ದು ಅಲ್ಲಿಂದಲೇ. ಮರುದಿನ ದೇಶದಿಂದಲೇ ಹೊರಹಾಕಿದರು. ಅವರು ಹುಟ್ಟಿ ನೂರು ವರ್ಷವಾದ 2018ರಲ್ಲಿ ಆ ಮನೆ ಮ್ಯೂಸಿಯಂ ಆಯಿತು.

ಅವರ ಬದುಕಿನ ವಸ್ತುಗಳಲ್ಲಿ ನನ್ನ ಮನಸ್ಸಿನಿಂದ ಹೋಗದೆ ಉಳಿದದ್ದು ಒಂದು ಜಪಸರ. ಮಣಿಗಳೆಲ್ಲ ಬ್ರೆಡ್ಡಿನವು. 1945ರಲ್ಲಿ, ಯುದ್ಧಭೂಮಿಯಿಂದ ಗೆಳೆಯನಿಗೆ ಬರೆದ ಕಾಗದಗಳಲ್ಲಿ ಸ್ಟಾಲಿನ್‌ನನ್ನು ಟೀಕಿಸಿದರು ಅಂತ ಅವರಿಗೆ 8 ವರ್ಷ ಶಿಕ್ಷೆಯಾಯಿತು. ಕೈದಿಗಳನ್ನು ದುಡಿಸುವ ಶಿಬಿರದಲ್ಲಿ ಬರೆದದ್ದು ಸಿಕ್ಕಿಬಿದ್ದರೆ ಮುಗಿಯಿತು. ಹಾಗಾಗಿ ಚೂರು ಕಾಗದದಲ್ಲಿ ಕೆಲವೇ ಸಾಲು ಬರೆದು, ಬಾಯಿಪಾಠ ಮಾಡಿ, ಸುಟ್ಟುಬಿಡುತ್ತಿದ್ದರು. ಮೊದಲು ಮುರಿದ ಬೆಂಕಿಕಡ್ಡಿ ಜೋಡಿಸಿ ಸಾಲು ಎಣಿಸುತ್ತಿದ್ದರು. ಆಮೇಲೆ ಲಿಥುವೇನಿಯಾದ ಕ್ಯಾಥೊಲಿಕ್ ಕೈದಿಗಳು ಈ ಸರ ಮಾಡಿಕೊಟ್ಟರು. ಕೈಗವಸಿನೊಳಗೆ ಅದನ್ನಿಟ್ಟುಕೊಂಡು, ಸಾಲಿನಲ್ಲಿ ನಿಂತಾಗ, ಕೆಲಸಕ್ಕೆ ನಡೆಯುವಾಗ, ಒಂದೊಂದೇ ಮಣಿ ಸರಿಸುತ್ತಾ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರು. ಶಿಕ್ಷೆ ಮುಗಿಯುವ ಹೊತ್ತಿಗೆ ತಲೆಯಲ್ಲಿ 12,000 ಸಾಲು!

ಸೆರೆವಾಸ ಬರವಣಿಗೆಗೆ ಒಳ್ಳೆಯದು ಅಂತ ನಾನು ಹೇಳ್ತಿಲ್ಲ. ಹಾಗೆ ಯಾರಾದರೂ ಹೇಳಿದರೆ ನಂಬಬೇಡ. ಆದರೆ ಬರೆದದ್ದನ್ನೆಲ್ಲ ತಲೆಯಲ್ಲೇ ಹೊತ್ತು ತಿರುಗಬೇಕಾದಾಗ ಬೇಡದ ಮಾತು ಎಷ್ಟು ಭಾರ ಅಂತ ಗೊತ್ತಾಗುತ್ತದೆ, ಅಲ್ವಾ? ಒಂದು ಅಧ್ಯಾಯ ತಗೋ. ಫೋನ್ ಮನೆಯಲ್ಲಿಟ್ಟು ಹೊರಗೆ ನಡೆಯುತ್ತಾ ಅದನ್ನು ನಿನಗೆ ನೀನೇ ಹೇಳಿಕೋ. ಎಲ್ಲಿ ತಡವರಿಸುತ್ತೀಯೋ ಅಲ್ಲಿ ಗುರುತು ಹಾಕು.

ಇನ್ನೊಂದು ಮಾತು. ಸೋವಿಯತ್ ಸೆರೆಶಿಬಿರಗಳ ಬಗ್ಗೆ ಅವರು ಬರೆದ 'ಗುಲಾಗ್ ಆರ್ಕಿಪೆಲಗೊ'ಗೆ 227 ಜನ ತಮ್ಮ ಅನುಭವ ಕೊಟ್ಟರು. ಬಚ್ಚಿಟ್ಟು ಬಚ್ಚಿಟ್ಟು ಬರೆದದ್ದರಿಂದ ಆ ಪುಸ್ತಕ ಒಮ್ಮೆಯೂ ಇಡಿಯಾಗಿ ಅವರ ಮೇಜಿನ ಮೇಲೆ ಇರಲಿಲ್ಲ. ಅದನ್ನು ಟೈಪ್ ಮಾಡಿಕೊಟ್ಟ ಎಲಿಜವೆತಾ ವೊರೊನ್ಯಾನ್ಸ್ಕಾಯಾ 1973ರಲ್ಲಿ ಸೋವಿಯತ್ ಗುಪ್ತ ಪೊಲೀಸರಾದ ಕೆಜಿಬಿಯ ವಿಚಾರಣೆಯ ನಂತರ ಜೀವ ಕಳೆದುಕೊಂಡರು. ಆ ಹೆಸರು ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ.

ಅಜ್ಜಿ ಯಾರಿಗೂ ಹೇಳದ್ದನ್ನು ನಿನಗೆ ಹೇಳಿದ್ದಾರೆ. ಕಾದಂಬರಿಯ ಆ ಭಾಗವನ್ನು ಮಾತ್ರ ಸುಮ್ನೆ ಉದ್ದವಾಯಿತು ಅಂತ ಕತ್ತರಿಸಬೇಡ. ಯುಗಾದಿಗೆ ಊರಿಗೆ ಬರ್ತೀಯಲ್ಲ, ಆಗ ಹಾಳೆ ನೋಡದೆ ಅದನ್ನು ನನಗೆ ಹೇಳು. ಜಗಲಿಯ ಮೇಲೆ ಕೂತು ಕೇಳ್ತೇನೆ.

ನಿನ್ನ ಅಣ್ಣ